ದೊರೆ ಕಾಲದ ಪೇಟೆಯಲ್ಲಿ ಒಂದು ಮೀನು

ವಿಲ್ಫ್ ಹೆಪಲ್‌ನ ಪ್ಯಾಂಟು ಆ ಶನಿವಾರ ಬೆಳಿಗ್ಗೆ ಸೊಂಟದಲ್ಲಿ ನಿಲ್ಲಲಿಲ್ಲ. ಗಲಾಟೆ ಶುರುವಾದದ್ದೇ ಅಲ್ಲಿಂದ.

ರಕ್ತದಲ್ಲಿ ಕೊಬ್ಬು ಹೆಚ್ಚಿದೆ, ಕರಿದದ್ದು ಮುಟ್ಟಕೂಡದು ಎಂದು ಡಾಕ್ಟರು ಹೇಳಿದಂದಿನಿಂದ ಹೆಂಡತಿ ಡೋರೀನ್ ಅವನಿಗೆ ಮೂರು ಹೊತ್ತೂ ಎಲೆಕೋಸಿನ ಸಾರು ಕುಡಿಸುತ್ತಿದ್ದಳು. ಉತ್ತರ ಇಂಗ್ಲೆಂಡಿನ ನಮ್ಮ ಡರ್‌ಹಮ್ ಸೀಮೆಯಲ್ಲಿ ಬೆಳೆದ ಕೋಸೆಲ್ಲ ಆ ಒಂದು ಹೊಟ್ಟೆಗೇ ಹೋಯಿತು ಎಂದರೆ ನೀವು ನಂಬಲಿಕ್ಕಿಲ್ಲ. ತಿನ್ನಲು ಗತಿಯಿಲ್ಲದೆ ಮೊಲಗಳು ಸಂಸಾರ ಸಮೇತ ಊರು ಬಿಟ್ಟವು, ಅದನ್ನಾದರೂ ನಂಬಿ. ವಿಲ್ಫ್ ಎಷ್ಟು ಇಳಿದನೆಂದರೆ, ಗಾಳಿ ಬೀಸುವ ದಿನ ಜೇಬಿಗೆ ಎರಡು ಕಲ್ಲಿದ್ದಲ ತುಂಡು ಹಾಕದೆ ಡೋರೀನ್ ಅವನನ್ನು ಬಾಗಿಲು ದಾಟಲು ಬಿಡುತ್ತಿರಲಿಲ್ಲ.

ಕೊನೆಗೆ ಅವನ ಮೈಗೆ ಹೊಂದಿದ್ದು ಅಟ್ಟದ ಪೆಟ್ಟಿಗೆಯಲ್ಲಿದ್ದ ಅಜ್ಜನ ಉಡುಪು. ಅಜ್ಜ ಗಣಿಯಲ್ಲಿ ದುಡಿದು ಕಡ್ಡಿಯಾಗಿದ್ದವನು. ಅವನ ಕಪ್ಪು ಪ್ಯಾಂಟು, ಅದನ್ನು ಹೆಗಲಿಗೆ ಬಿಗಿಯುವ ಪಟ್ಟಿ, ವೇಸ್ಟ್‌ಕೋಟು, ಚಪ್ಪಟೆ ಟೋಪಿ.

"ಡೋರೀನ್, ಇದರಲ್ಲಿ ಹೊರಗೆ ಬಂದ್ರೆ ಜನ ನಗ್ತಾರೆ ಕಣೆ."

"ಸುಮ್ನೆ ಹಾಕ್ಕೊಂಡು ಬಾ. ನಾವು ಹೋಗ್ತಿರೋದೇ ಹಳೇ ಪೇಟೆಗೆ. ಅಲ್ಲಿ ನಿನ್ನ ಯಾರು ನೋಡ್ತಾರೆ?"

ಹಳೇ ಪೇಟೆ ಎಂದರೆ, ನೂರು ವರ್ಷಕ್ಕೂ ಹಿಂದಿನ ಏಳನೇ ಎಡ್ವರ್ಡ್ ದೊರೆಯ ಕಾಲದ ಒಂದು ಊರನ್ನೇ ನಮ್ಮವರು ಪ್ರವಾಸಿಗಳು ನೋಡಲೆಂದು ಬಯಲಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಟ್ರಾಮು ಓಡುತ್ತದೆ, ಮಿಠಾಯಿ ಅಂಗಡಿ ಇದೆ, ಗಣಿಯವರ ಸಾಲುಮನೆ ಇದೆ. ಕೆಲಸದವರೆಲ್ಲ ಆಗಿನ ಬಟ್ಟೆ ತೊಟ್ಟು ಆಗಿನವರಂತೆಯೇ ಬದುಕುತ್ತಾರೆ. ಅಲ್ಲಿಯ ಮೀನಿನಂಗಡಿಯ ಸಂಗತಿ ಕೇಳಿ: ಕಲ್ಲಿದ್ದಲ ಒಲೆ, ದನದ ಕೊಬ್ಬು, ಅದರಲ್ಲಿ ಗರಿಗರಿಯಾಗಿ ಕರಿದ ಮೀನು, ಜೊತೆಗೆ ಆಲೂಗಡ್ಡೆ ಹೋಳು. ಆ ವಾಸನೆಗೆ ಸಮುದ್ರದ ಮೀನುಗಳೇ ತಮ್ಮನ್ನೂ ಕರಿಯಿರೆಂದು ದಡಕ್ಕೆ ಬಂದು ಸಾಲು ನಿಲ್ಲುತ್ತವೆ. ನಾನೇ ನೋಡಿದ್ದೇನೆ.

ಟ್ರಾಮಿನಿಂದ ಇಳಿಯುತ್ತಲೇ ಆ ವಾಸನೆ ವಿಲ್ಫ್‌ನ ಮೂಗು ಹಿಡಿದು ಎಳೆಯಿತು. ಇವತ್ತು ಒಂದು ಮೀನು ತಿನ್ನದೆ ಮನೆಗೆ ಹೋಗುವುದಿಲ್ಲ ಎಂದು ಅಜ್ಜನ ಟೋಪಿಯ ಮೇಲೆ ಆಣೆ ಮಾಡಿಕೊಂಡ. ಪುಣ್ಯಕ್ಕೆ ಪಕ್ಕದ ಮನೆಯ ಎಡ್ನಾ ಕರೆಯದಿದ್ದರೂ ಜೊತೆಗೆ ಬಂದಿದ್ದಳು.

"ಬಾರೇ ಡೋರೀನ್, ಟೋಪಿ ಅಂಗಡಿ ನೋಡೋಣ," ಎಂದಳು ಎಡ್ನಾ. "ನಿನ್ನ ಗಂಡನ್ನ ಯಾರೂ ಎತ್ಕೊಂಡು ಹೋಗಲ್ಲ."

ಅವರು ಅತ್ತ ತಿರುಗಿದ್ದೇ ತಡ, ವಿಲ್ಫ್ ಮೀನಿನಂಗಡಿಯ ಸಾಲಿನ ಬಾಲಕ್ಕೆ ಅಂಟಿಕೊಂಡ. ಸಾಲು ಸ್ಕಾಟ್ಲೆಂಡಿನವರೆಗೆ ಇತ್ತು. ಸಾವಧಾನವಾಗಿ ತೆವಳಿ ಬಾಗಿಲ ಹತ್ತಿರ ಬಂದಾಗ ಒಬ್ಬಾಕೆ ಅವನ ತೋಳು ತಟ್ಟಿದಳು.

"ಯಜಮಾನ್ರೇ, ನೀವು ಇಲ್ಲಿ ಕೆಲಸದೋರಲ್ವಾ? ಶಾಲೆ ಎಲ್ಲಿ ಬರುತ್ತೆ, ತೋರಿಸ್ತೀರಾ?"

ನಮ್ಮ ಜನಕ್ಕೆ ಹುಟ್ಟಿನಿಂದ ಬಂದ ಒಂದು ಕಾಯಿಲೆಯಿದೆ. ಎದುರಿನವರು ತಪ್ಪು ತಿಳಿದರೆ 'ನಾನು ಅವನಲ್ಲ' ಎನ್ನುವುದು ಅವರ ಮುಖಕ್ಕೆ ಹೊಡೆದಂತೆ ಎಂದು ನಾಚಿ ಸಾಯುತ್ತೇವೆ. ವಿಲ್ಫ್ ಶಾಲೆ ತೋರಿಸಿಕೊಟ್ಟ. ಸಾಲಿಗೆ ಮರಳಿದರೆ ಮತ್ತೆ ಬಾಲದಿಂದ. ನಮ್ಮಲ್ಲಿ ಕೊಲೆ ಮಾಡಿದವನನ್ನು ಕ್ಷಮಿಸಿದರೂ ಕ್ಷಮಿಸಿಯೇವು, ಸಾಲಿನ ನಡುವೆ ನುಗ್ಗಿದವನ ಮೊಮ್ಮಕ್ಕಳಿಗೂ ಹೆಣ್ಣು ಕೊಡುವುದಿಲ್ಲ.

ಎರಡನೇ ಸಲ ಬಾಗಿಲು ಮುಟ್ಟಿದಾಗ ಯಾರೋ ದಂಪತಿಗಳು ಅವನನ್ನು ಸಾಲಿನಿಂದ ಎಳೆದು, ನಡುವೆ ನಿಲ್ಲಿಸಿಕೊಂಡು ಫೋಟೊ ತೆಗೆಸಿಕೊಂಡರು. "ಆ ಕಾಲದ ಗಂಡಸರು ಯಾಕೆ ಇಷ್ಟು ಬಡಕಲು?" ಎಂದು ಕೇಳಿದರು. "ಎಲೆಕೋಸು," ಎಂದ ವಿಲ್ಫ್. ಮತ್ತೆ ಬಾಲ.

ಮೂರನೇ ಸಲ ಅವನ ಮುಂದೆ ಉಳಿದಿದ್ದು ಒಂದೇ ಬೆನ್ನು. ವಿನೆಗರಿನ ಶೀಷೆ ಕಣ್ಣಿಗೇ ಕಾಣುತ್ತಿತ್ತು. ಅಷ್ಟರಲ್ಲಿ ಏಪ್ರನ್ ಕಟ್ಟಿದ, ಬಂಡೆಯಂಥ ತೋಳಿನ ಹೆಂಗಸೊಬ್ಬಳು ಬಂದು ಅವನ ಹೆಗಲ ಪಟ್ಟಿಗೇ ಕೈ ಹಾಕಿದಳು. ಅವಳು ಸಾಲುಮನೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಬಂದವರಿಗೆ ಹಳೇ ಕಾಲದ ಒಗೆತ ತೋರಿಸುವ ಹ್ಯಾಟಿ.

"ಸಿಕ್ಕಿದ್ಯಲ್ಲಪ್ಪ ಹೊಸಬ! ನಿನಗೆ ಕಾದೂ ಕಾದೂ ನನ್ನ ಹಂಡೆ ನೀರು ಬತ್ತಿತು. ಕೆಲಸದ ಹೊತ್ತಲ್ಲಿ ಮೀನು ಬೇಕಾ ನಿಂಗೆ?"

"ಅಮ್ಮಾ, ಅದು..."

"ನಡಿ, ನಡಿ. ಜನ ಕಾಯ್ತಿದಾರೆ."

'ಕ್ಷಮಿಸಿ, ತಪ್ಪು ತಿಳಿದಿರಿ' ಎಂಬ ಮಾತು ನಾಲಿಗೆ ತುದಿಗೆ ಬರುವಷ್ಟರಲ್ಲಿ ಅವನು ಹಬೆ ತುಂಬಿದ ಕೋಣೆಯಲ್ಲಿ ಪೀಪಾಯಿಯ ಮುಂದೆ ನಿಂತಿದ್ದ. ಕೈಯಲ್ಲಿ ಬಟ್ಟೆ ಕುಟ್ಟುವ ಒನಕೆ. ಎದುರಿಗೆ ನೋಡಲು ನೆರೆದ ಅರ್ಧ ಇಂಗ್ಲೆಂಡು.

ಗಣಿ ಸೀಮೆಯ ಗಂಡಸು ಭೂಮಿಯೊಳಗೆ ಮೈಲಿಗಟ್ಟಲೆ ಇಳಿದಾನು, ಒಗೆಯುವ ಪೀಪಾಯಿಯ ಹತ್ತಿರ ಸುಳಿಯಲಾರ. ವಿಲ್ಫ್ ಮದುವೆಯಾದ ಮೇಲೆ ಒಂದು ಕರವಸ್ತ್ರ ಹಿಂಡಿದವನಲ್ಲ. ಆದರೆ ಮೀನು ತಪ್ಪಿದ ಸಿಟ್ಟನ್ನೆಲ್ಲ ಒನಕೆಗೆ ಕೊಟ್ಟು ಕುಟ್ಟಿದ ನೋಡಿ, ನೊರೆ ಚಾವಣಿ ಮುಟ್ಟಿತು, ನೆಲ ನಡುಗಿತು, ಆಚೆ ಟ್ರಾಮು ಹಳಿ ಬಿಟ್ಟು ಒಂದು ಗೇಣು ಹಾರಿ ಮತ್ತೆ ಹಳಿಗೇ ಕೂತಿತು. ಜನ ಚಪ್ಪಾಳೆ ತಟ್ಟಿದರು. ಸತ್ಯ ಹೇಳಬೇಕೆಂದರೆ ವಿಲ್ಫ್‌ಗೂ ಒಂಥರಾ ಖುಷಿಯೇ ಆಗತೊಡಗಿತ್ತು.

ಆಗ ಬಾಗಿಲಲ್ಲಿ ಡೋರೀನ್ ಕಾಣಿಸಿದಳು. ಹಿಂದೆ ಎಡ್ನಾ.

ಈಗ ಸಿಕ್ಕಿಬಿದ್ದರೆ ಹೆಂಡತಿಯ ಕೈ ಹಿಡಿದೇ ಮನೆಗೆ ಹೋಗಬೇಕು. ಮೀನಿನ ಮಾತು ಮುಗಿದಂತೆ. ವಿಲ್ಫ್ ಟೋಪಿಯನ್ನು ಮೂಗಿನವರೆಗೆ ಎಳೆದು, ಗಲ್ಲವನ್ನು ನೊರೆಯಲ್ಲಿ ಅದ್ದಿ ಬಿಳಿ ಗಡ್ಡ ಮಾಡಿಕೊಂಡ.

"ನಿಲ್ಲೇ ಎಡ್ನಾ," ಎಂದಳು ಡೋರೀನ್, ಹಬೆ ಹಿಡಿದ ಕನ್ನಡಕ ಒರೆಸುತ್ತ. "ಆ ಮನುಷ್ಯ ನಮ್ಮ ವಿಲ್ಫ್ ಥರಾನೇ ಇದಾನಲ್ಲ?"

ವಿಲ್ಫ್ ತಲೆ ಬಗ್ಗಿಸಿ ಇನ್ನೂ ಜೋರಾಗಿ ಕುಟ್ಟಿದ.

"ಥೂ, ನನ್ನ ಕಣ್ಣೇ! ಇವನು ಬಟ್ಟೆ ಒಗೀತಿದಾನೆ. ನಮ್ಮವನಿಗೆ ಒದ್ದೆ ಕಾಲುಚೀಲ ಕಂಡ್ರೆ ಜ್ವರ ಬರುತ್ತೆ." ಡೋರೀನ್ ದನಿ ಎತ್ತಿದಳು. "ಯಜಮಾನ್ರೇ, ಕಡ್ಡಿ ಥರ ಇರೋ ಒಬ್ಬ ಗಂಡಸನ್ನ ಈ ಕಡೆ ನೋಡಿದ್ರಾ?"

"ನೋಡಿದೆ ಕಣಮ್ಮಾ," ಎಂದ ವಿಲ್ಫ್, ಕೊಳವೆಯೊಳಗಿನ ಕರಡಿಯಂಥ ದನಿಯಲ್ಲಿ. "ಟ್ರಾಮ್ ಹತ್ತಿ ಹೋದ."

"ಅಯ್ಯೋ, ನನ್ನ ಹಣೆಬರಹ." ಡೋರೀನ್ ಕೋಟಿನೊಳಗಿಂದ ಒಂದು ಪೊಟ್ಟಣ ತೆಗೆದಳು. ಕಾಗದ ಎಣ್ಣೆ ಹೀರಿ ಹೊಳೆಯುತ್ತಿತ್ತು. "ನಿನ್ನೆ ಡಾಕ್ಟ್ರು ಫೋನ್ ಮಾಡಿದ್ರು ಕಣೆ. ಅವನ ರಕ್ತ ಸರಿಹೋಗಿದೆಯಂತೆ, ಒಂದಿನ ತಿಂದ್ರೆ ಏನೂ ಆಗಲ್ಲ ಅಂದ್ರು. ಹೇಳದೆ ಕೈಗಿಟ್ಟು ಮುಖ ನೋಡೋಣ ಅಂತ ಇಲ್ಲಿಗೆ ಕರ್ಕೊಂಡು ಬಂದೆ. ಕೊನೇ ಮೀನು ನನಗೇ ಸಿಕ್ತು, ಅಂಗಡಿ ಬಾಗಿಲೂ ಹಾಕಿದ್ರು. ಆರಿದ್ದನ್ನ ಅವನು ಮುಟ್ಟಲ್ಲ. ತಗೊಳೇ, ನೀನೇ ತಿನ್ನು."

ಒನಕೆ ಗಾಳಿಯಲ್ಲೇ ನಿಂತಿತು.

'ಡೋರೀನ್, ನಾನೇ ಕಣೆ' ಎಂದರೆ ಮೀನು ತನ್ನದು. ಆದರೆ ತನಗೆ ಒಗೆಯಲು ಬರುತ್ತದೆಂದು ಅವಳಿಗೆ ಗೊತ್ತಾದರೆ, ಸೋಮವಾರ ನಮ್ಮಲ್ಲಿ ಬಟ್ಟೆ ಒಗೆಯುವ ದಿನವಾದ್ದರಿಂದ, ಸಾಯುವವರೆಗೆ ಪ್ರತಿ ಸೋಮವಾರದ ಒಗೆತವೂ ತನ್ನದೇ. ಮೀನು ಒಂದು ದಿನದ್ದು, ಸೋಮವಾರ ಜನ್ಮದ್ದು. ಅತ್ತ ತೂಗಿದ, ಇತ್ತ ತೂಗಿದ. ಮೀನೇ ಗೆದ್ದಿತು. ಬಾಯಿ ತೆರೆದ.

ಕರ್‍ರುಮ್! ಎಡ್ನಾ ಕಚ್ಚಿಯಾಗಿತ್ತು.

ವಿಲ್ಫ್ ಬಾಯಿ ಮುಚ್ಚಿಕೊಂಡ.

"ನೀನು ತಿಂತಾ ಇರು, ನಾನು ಟ್ರಾಮ್ ಹತ್ರ ನೋಡ್ತೀನಿ," ಎಂದು ಡೋರೀನ್ ಹೊರಟಳು. ಹಿಂದೆಯೇ ಜನವೂ ಚದುರಿತು. ಎಡ್ನಾ ಮಾತ್ರ ನಿಂತಲ್ಲೇ ನಿಂತು ಕೊನೆಯ ಹೋಳಿನವರೆಗೆ ತಿಂದಳು, ಬೆರಳು ನೆಕ್ಕಿದಳು, ಕಾಗದವನ್ನು ನೀಟಾಗಿ ಮಡಚಿದಳು. ಆಮೇಲೆ ಪೀಪಾಯಿಯ ಮೇಲೆ ಬಗ್ಗಿದಳು.

"ಆ ಕಾಲರ್ ಹತ್ರ ಇನ್ನೂ ಕೊಳೆ ಇದೆ, ವಿಲ್ಫ್," ಎಂದಳು ಮೆಲ್ಲಗೆ. "ಡೋರೀನ್‌ಗೆ ನಾನ್ಯಾಕೆ ಹೇಳ್ಲಿ, ಪಾಪ. ಸೋಮವಾರ ನಮ್ಮನೆ ಪರದೆ ಒಗೆಯೋದಿದೆ, ಎಷ್ಟೊತ್ತಿಗೆ ಬರ್ತೀಯ?"