ನಮ್ಮ ಮನೆಗೆ ರನ್‌ಟೈಮ್ ಬಂದದ್ದು

ಓದದೆ ಒಪ್ಪಿಕೊಳ್ಳುವ ಗಂಡಸರನ್ನು ಕಂಡರೆ ನನಗೆ ಮೈಯೆಲ್ಲ ಉರಿ. ನಮ್ಮ ಯಜಮಾನರು ಓಂಕಾರಮೂರ್ತಿ (ಮೂಡಿಗೆರೆ ಪೇಟೆಯಲ್ಲಿ ಗೊಬ್ಬರದಂಗಡಿ, ಊರಾಚೆ ಎಂಟೆಕರೆ ಕಾಫಿ) ಇಪ್ಪತ್ತಾರು ವರ್ಷದಲ್ಲಿ ನನ್ನ ಒಂದು ಮಾತಿಗೂ ಒಪ್ಪಿದವರಲ್ಲ. ಆ ಮಹಾನುಭಾವರು, ಕಂಪ್ಯೂಟರು ‘ಐ ಅಗ್ರೀ’ ಎಂಬ ಗುಂಡಿ ತೋರಿಸಿದ್ದೇ ತಡ, ಒತ್ತಿಯೇಬಿಟ್ಟರು.

“ಏನು ಬರ್ದಿದೆ ಅಂತ ಓದೋದು ಬೇಡ್ವೇನ್ರೀ?”

“ನಲವತ್ತು ಪುಟ ಇದೆ ಮಾರಾಯ್ತಿ. ಮದ್ವೇಲಿ ನಾನು ಏನು ಓದಿ ಒಪ್ಕೊಂಡಿದ್ದೆ?”

ನಮ್ಮ ಲೇಡೀಸ್ ಕ್ಲಬ್ಬಿನ ಉದ್ಯಾನ ವಿನ್ಯಾಸ ಸ್ಪರ್ಧೆಗೆ ಅಂದು ಸಂಜೆ ಐದು ಗಂಟೆಯೇ ಗಡುವು. ವಸ್ತಾರೆಯ ಸರ್ವಮಂಗಳಾ ಮೂರು ವರ್ಷದಿಂದ ಕಪ್ ಕೆಳಗಿಟ್ಟವಳಲ್ಲ. ಈ ಸಲ ಕಂಪ್ಯೂಟರಿನಲ್ಲೇ ತೋಟ ಎಬ್ಬಿಸಿ, ಕಾರಂಜಿ ಹಾರಿಸಿ ತೋರಿಸುತ್ತೇನೆಂದು ಅವಳ ಮುಖಕ್ಕೇ ಹೇಳಿ ಬಂದಿದ್ದೆ. ಅದಕ್ಕೆ ಬೇಕಾದ ಸಾಫ್ಟ್‌ವೇರೂ ತಂದದ್ದಾಯಿತು. ತೆರೆದರೆ ಒಂದೇ ಸಾಲು: ಗ್ರಾಫಿಕ್ಸ್ ಮತ್ತು ಮಲ್ಟಿಮೀಡಿಯಾ ರನ್‌ಟೈಮ್ ಇಲ್ಲ, ಮೊದಲು ಅದನ್ನು ಹಾಕಿಕೊಳ್ಳಿ. ಚಿತ್ರ, ಸದ್ದು ಓಡಿಸುವ ಇನ್ನೊಂದು ಸಾಫ್ಟ್‌ವೇರಂತೆ ಅದು; ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಲೆಂದೇ ಇವರು ಆ ಗುಂಡಿ ಒತ್ತಿದ್ದು.

ಹೆಸರು ರನ್‌ಟೈಮ್, ಬೆಳಿಗ್ಗೆ ಒಂಬತ್ತಕ್ಕೆ ಹೊರಟದ್ದು ಮಧ್ಯಾಹ್ನವಾದರೂ ತೆವಳುತ್ತಲೇ ಇತ್ತು. (ನಮ್ಮ ಕಾನ್ವೆಂಟಿನ ಸಿಸ್ಟರ್ ಆಗಿದ್ದರೆ ಬೆಂಚಿನ ಮೇಲೆ ನಿಲ್ಲಿಸಿರುತ್ತಿದ್ದರು.)

ಮಾರ್ಚ್ ತಿಂಗಳು, ಕಾಫಿ ಗಿಡದಲ್ಲಿ ಹೂ ಅರಳಿಸುವ ಹೂಮಳೆ ಬೀಳಬೇಕಾದ ಕಾಲ. ಇಂಚು, ಸೆಂಟುಗಳಲ್ಲಿ (ನೂರು ಸೆಂಟಿಗೆ ಒಂದು ಇಂಚು) ಮಳೆ ವಿಚಾರಿಸುವುದೇ ನಮ್ಮವರ ಕುಶಲೋಪರಿ. ಜಾವಳಿಯಿಂದ ಇವರ ಸ್ನೇಹಿತ ದಯಾನಂದ ಫೋನ್ ಮಾಡಿದ.

“ನಿಮ್ಮಲ್ಲಿ ಎಷ್ಟಾಯ್ತು?”

“ಅರವತ್ತೆರಡು ಮಾರಾಯ!”

“ಅರವತ್ತೆರಡು ಸೆಂಟಾ? ನಮ್ಮಲ್ಲಿ ಒಂದು ಹನಿ ಇಲ್ವಲ್ಲ!”

“ಮಳೆ ಅಲ್ಲ, ಪರ್ಸೆಂಟು. ಕಂಪ್ಯೂಟರಿಂದು.”

ಇಂಥವರನ್ನು ನಂಬುವುದುಂಟೇ? ಹೋದ ವರ್ಷ ಇವರು ಪ್ಲಗ್ ಕೀಳದೆ ಗೊರಕೆ ಹೊಡೆದದ್ದಕ್ಕೇ ಸಿಡಿಲಿಗೆ ಟೀವಿ, ಮಿಕ್ಸಿ, ಫ್ರಿಜ್ಜು ಮೂರೂ ಸುಟ್ಟುಹೋದದ್ದು. ಅಂದಿನಿಂದ ಮನೆಯ ಪ್ಲಗ್ ಖಾತೆ ನನ್ನದು. ಮೊದಲ ಗುಡುಗಿಗೇ ಓಡಿ ಎಲ್ಲ ಕಿತ್ತುಹಾಕುವುದು. ಈ ಗುಡ್ಡಗಳಲ್ಲಿ ಬುದ್ಧಿಯಿರುವ ಹೆಂಗಸರೆಲ್ಲ ಮಾಡುವುದು ಅದನ್ನೇ. (ಯುಪಿಎಸ್ ಸತ್ತು ಎರಡು ವರ್ಷ. ಸದ್ಯ ಆಂಥೂರಿಯಂ ಕುಂಡಕ್ಕೆ ಪೀಠವಾಗಿದೆ.)

ಊಟವಾದ ಮೇಲೆ ಇವರು ಟೀವಿಯ ದೊಡ್ಡ ಸ್ಪೀಕರುಗಳನ್ನು ಹೊತ್ತು ತಂದು ಕಂಪ್ಯೂಟರಿಗೆ ಸಿಕ್ಕಿಸಿದರು.

“ಮಲ್ಟಿಮೀಡಿಯಾ ಅಂದ್ರೆ ಸುಮ್ನೆ ಅಲ್ಲ. ಸೌಂಡ್ ಬೇಕು!”

“ಗುಲಾಬಿ ಗಿಡಕ್ಕೆ ಎಂತ ಸೌಂಡ್ರೀ?” ಎಂದು ಮೂಗು ಮುರಿದು ಅಡುಗೆಮನೆಗೆ ಹೋದೆ.

ಎರಡೂವರೆಗೆ “ತೊಂಬತ್ತೊಂಬತ್ತು!” ಎಂಬ ಕೂಗು. ಅದರ ಬೆನ್ನಿಗೇ ಗುಡುಗು. ಎಂಥ ಗುಡುಗು! ಶೆಲ್ಫಿನ ಡಬ್ಬಿಗಳು ಅದುರಿದವು. ಸೌಟು ಎಸೆದು ಓಡಿದೆ. ಮಿಕ್ಸಿ, ಫ್ರಿಜ್ಜು, ಟೀವಿ, ಕೊನೆಗೆ ಕಂಪ್ಯೂಟರು, ಸರಸರ ಕಿತ್ತು, ಕೈಯಲ್ಲಿ ವೈರು ಹಿಡಿದು ರಣಚಂಡಿಯಂತೆ ನಿಂತೆ.

“ನಾನೊಬ್ಳು ಇಲ್ದೇ ಇದ್ರೆ ಇವತ್ತು ಎಲ್ಲ ಭಸ್ಮ ಆಗ್ತಿತ್ತು!”

ಯಜಮಾನರು ಕಿಟಕಿ ತೋರಿಸಿದರು. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಮೋಡದ ಚೂರೂ ಇಲ್ಲ.

“ಅದು ಸ್ಪೀಕರ್ ಟೆಸ್ಟು ಮಾರಾಯ್ತಿ. ಮುಗಿಯೋ ಮುಂಚೆ ಗುಡುಗಿನ ಸದ್ದು ಹಾಕಿ ನೋಡ್ತದೆ, ಆಫ್ ಮಾಡ್ಬೇಡಿ ಅಂತ ಸ್ಕ್ರೀನ್ ಮೇಲೇ ಇತ್ತು. ಏನು ಬರ್ದಿದೆ ಅಂತ ಓದೋದು ಬೇಡ್ವೇನೇ?”

ಮತ್ತೆ ಹಚ್ಚಿದರೆ, ರನ್‌ಟೈಮ್ ಅರ್ಧಕ್ಕೆ ನಿಂತು ಕೆಟ್ಟಿದೆ, ಮೊದಲಿನಿಂದ ಇಳಿಸಿಕೊಳ್ಳಿ ಎಂದಿತು. ಗಡಿಯಾರ ಐದು ಹೊಡೆದಾಗ ಹನ್ನೊಂದು ಪರ್ಸೆಂಟಾಗಿತ್ತು. ಕಪ್ ವಸ್ತಾರೆಯಲ್ಲೇ ಉಳಿಯಿತು.

ಅಷ್ಟರಲ್ಲಿ ಮತ್ತೆ ದಯಾನಂದನ ಫೋನು: ಮಳೆ ಏನಾದರೂ ಬಂತಾ?

“ಇಲ್ಲ ಮಾರಾಯ,” ಎಂದರು ಇವರು, ನನ್ನನ್ನೇ ನೋಡುತ್ತ. “ಬರೀ ಗುಡುಗು. ಅದೂ ನಮ್ಮನೇಲಿ ಮಾತ್ರ.”