ಮಾವ ಮುಳುಗಿಸಿದ ಕಂಪನಿಗಳು

ನಮ್ಮ ಸೋದರಮಾವ ಇಲ್ಲಿಯವರೆಗೆ ಕಡಿಮೆಯೆಂದರೂ ಇನ್ನೂರು ಕಂಪನಿಗಳನ್ನು ಮುಳುಗಿಸಿದ್ದಾರೆ. ಒಬ್ಬರೂ ಪೊಲೀಸ್ ಸ್ಟೇಷನ್ನಿಗೆ ಹೋಗಿಲ್ಲ. ಮುಳುಗಿದವರೇ ಎದ್ದು ನಿಂತು ‘ಥ್ಯಾಂಕ್ಯೂ ಸರ್’ ಅಂದು ಹೋಗುತ್ತಾರೆ. ಇಂಥ ದಂಧೆ ಇನ್ನೊಂದು ಇದ್ದರೆ ದಯವಿಟ್ಟು ನನಗೂ ತಿಳಿಸಿ!

ಗಾಬರಿ ಬೇಡ. ಮಾವ ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಕಾಮರ್ಸ್ ಮೇಷ್ಟ್ರು. ಕಂಪನಿಗಳು ಯಂತ್ರಕ್ಕೋ ಕಟ್ಟಡಕ್ಕೋ ದೊಡ್ಡ ದುಡ್ಡು ಹಾಕುವ ಮುಂಚೆ ಹೇಗೆ ಯೋಚಿಸಬೇಕು ಎಂಬುದು ಅವರ ಪಾಠ. ಪುಸ್ತಕದಲ್ಲಿ ಅದು ಎರಡನೇ ಪುಟಕ್ಕೇ ನಿದ್ದೆ ತರಿಸುವ ಅಧ್ಯಾಯ. ಮಾವ ಅದನ್ನು ಆಟ ಮಾಡಿಬಿಟ್ಟಿದ್ದಾರೆ. ಅವರು ಅದಕ್ಕೆ ಸಿಮ್ಯುಲೇಶನ್ ಅನ್ನುತ್ತಾರೆ. ಬ್ಯಾಡಗಿಯ ಮನೆಯಲ್ಲಿ ಅತ್ತೆ ಹುಚ್ಚಾಟ ಅನ್ನುತ್ತಾರೆ. ವಿದ್ಯಾರ್ಥಿಗಳು ಐದು ಗುಂಪಾಗಿ ಐದು ಕಂಪನಿ ಆಗಬೇಕು. ಒಬ್ಬರು ಮೆಣಸಿನಕಾಯಿಗೆ ಕೋಲ್ಡ್ ಸ್ಟೋರೇಜ್ ಕಟ್ಟುತ್ತಾರೆ, ಇನ್ನೊಬ್ಬರು ಬೀಜ ಹಸನು ಮಾಡುವ ಯಂತ್ರ ತರುತ್ತಾರೆ. ಒಂದು ಆಟಕ್ಕೆ ಹತ್ತು ವರ್ಷ. ತರಗತಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಮಾವ ಗಂಟೆ ಬಾರಿಸಿದರೆ ಒಂದು ವರ್ಷ ಮುಗಿಯಿತು! ಆಗ ಸ್ಟೀಲ್ ಡಬ್ಬಿಯಿಂದ ಒಂದು ಚೀಟಿ ಎತ್ತುತ್ತಾರೆ: ‘ಮೋಟಾರು ಸುಟ್ಟಿತು’, ‘ದರ ಬಿತ್ತು’, ‘ಪಾಲುದಾರನಿಗೂ ಅವನ ಹೆಂಡತಿಗೂ ನಿಮ್ಮ ಮೇಲೆ ಸಿಟ್ಟು’.

ಈ ಆಟದಲ್ಲಿ ನನ್ನ ಪಾತ್ರವೇನು? ಎಲ್ಲವೂ. ನಾನೂ ಅದೇ ಕಾಲೇಜಿನ ಎಂ.ಕಾಂ. ಹುಡುಗ. ಹಾಜರಾತಿ ಕಡಿಮೆಯಾದ ತಪ್ಪಿಗೆ ಬ್ಯಾಂಕ್ ಮ್ಯಾನೇಜರು, ಮಷೀನು ಮಾರುವವ, ಜಗಳಗಂಟ ಗಿರಾಕಿ ಎಲ್ಲರ ದನಿಯನ್ನೂ ನಾನೇ ತೆಗೆಯಬೇಕು. ಇದೊಂದೇ ನನಗೆ ಬರುವ ವಿದ್ಯೆ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರ ದನಿಯಲ್ಲೇ ಉತ್ತರ ಹೇಳಿ ಅಂಕ ಕಳೆದುಕೊಂಡ ಮಹಾನುಭಾವ ನಾನು.

ಒಮ್ಮೆ ಮೋಟೆಬೆನ್ನೂರಿನ ಹುಡುಗನೊಬ್ಬ ಮೂರನೇ ವರ್ಷಕ್ಕೇ, ಅಂದರೆ ಅರ್ಧ ಗಂಟೆಗೇ, ಬ್ಯಾಗು ಹೆಗಲಿಗೇರಿಸಿ ಎದ್ದು ನಿಂತ.

“ಸರ್, ನಮ್ಮ ಕಂಪನಿ ದಿವಾಳಿ ಆತ್ರಿ. ಮನೀಗೆ ಹೋಗ್ಲ್ಯಾ?”

“ದಿವಾಳಿ ಆದ ಮಾಲಕ ಊರು ಬಿಟ್ಟ ಓಡಿದ್ರ ಪೊಲೀಸರು ಹಿಡ್ಯೂದಿಲ್ಲೇನಪಾ? ಕುಂದ್ರು. ನಿನ್ನ ಬಸ್ಸಿಗೆ ಇನ್ನ ಏಳು ವರ್ಷ ಐತಿ.”

ಇನ್ನೊಮ್ಮೆ ರಾಣೆಬೆನ್ನೂರಿನದೇ ಒಂದು ಬೀಜದ ಕಂಪನಿಯವರು ತಮ್ಮ ಅಧಿಕಾರಿಗಳಿಗೆ ಈ ಪಾಠ ಮಾಡಿಸಲು ಮಾವನನ್ನು ಕರೆದರು. ಅವರ ಜನರಲ್ ಮ್ಯಾನೇಜರು ಟೈ ಕಟ್ಟಿಕೊಂಡು ಭಾರೀ ಹುರುಪಿನಿಂದ ಎಲ್ಲಕ್ಕಿಂತ ದೊಡ್ಡ ಯಂತ್ರ ಆರಿಸಿದರು. ನಾಲ್ಕನೇ ವರ್ಷ ಚೀಟಿ ಕೈಕೊಟ್ಟಿತು. “ಗಂಟಿ ಸ್ವಲ್ಪ ತಡದ ಬಾರಸ್ರಿ ಸರ್!” ಎಂದು ಗೋಗರೆದರು. ಮಾವ ಕೇಳುವವರೇ? ಢಣ್! ಆ ಮನುಷ್ಯ ಟೈ ಸಡಿಲಿಸಿ, ಊಟದ ಹೊತ್ತಿಗೂ ತಟ್ಟೆ ಮುಟ್ಟದೆ ಕುಳಿತುಬಿಟ್ಟ. ಕೊನೆಗೆ ಮಾವನೇ ಹೋಗಿ ಬೆನ್ನು ತಟ್ಟಿದರು. “ಸಾಹೇಬರ, ಲುಕ್ಸಾನು ಸುಳ್ಳು. ಹೋಳಗಿ ಖರೇ ಐತಿ. ಉಣ್ರಿ.”

ಇಂಥವರು ಮನೆಯಲ್ಲಿ ಏನಾದರೂ ಕೊಳ್ಳುವುದು ಹೇಗೆ? ಕೊಳ್ಳುವುದೇ ಇಲ್ಲ! ಹಳೆಯ ಮಿಕ್ಸರು ಹೊಗೆ ಬಿಟ್ಟು ಸತ್ತಾಗ ಅತ್ತೆ ಹೊಸದು ಕೇಳಿದರು. ಮಾವ ಹಾಳೆ ತೆಗೆದರು.

“ಹತ್ತು ವರ್ಷ ಆದ ಮ್ಯಾಲೆ ಹೊಸ ಮಿಕ್ಸರಿಗೆ ಗುಜರಿಯವ ಎಷ್ಟ ಕೊಡ್ತಾನ, ಮೊದಲ ಅದನ್ನ ಲೆಕ್ಕಕ್ಕ ಹಿಡೀಬೇಕು.”

“ನಿಮಗ ಎಷ್ಟ ಕೊಡ್ತಾನ, ಮೊದಲ ಅದನ್ನ ಕೇಳಿ ಬರ್ರಿ!”

ಮರುದಿನ ಮಿಕ್ಸರು ಬಂತು. ತಂದವರು ಅತ್ತೆ.

ಆದರೆ ಕಳೆದ ಶ್ರಾವಣದಲ್ಲಿ ಬಂದ ಪ್ರಶ್ನೆ ಮಿಕ್ಸರಿನಷ್ಟು ಸಣ್ಣದಾಗಿರಲಿಲ್ಲ. ಅತ್ತೆಯ ಖಾರದಪುಡಿಗೆ ಹಾವೇರಿಯಿಂದ ಐರಣಿಯವರೆಗೂ ಗಿರಾಕಿಗಳಿದ್ದಾರೆ. ನಾಲ್ಕು ವರ್ಷದಿಂದ ಆಕೆ ಮೆಣಸಿನಕಾಯಿ ಚೀಲ ಹೊರಿಸಿಕೊಂಡು ಹೋಗಿ, ಬೇರೆಯವರ ಗಿರಣಿಯಲ್ಲಿ ಪಾಳಿ ಹಚ್ಚಿ, ಸೀನುತ್ತ ನಿಂತು ಕುಟ್ಟಿಸಿಕೊಂಡು ಬರುತ್ತಿದ್ದರು. ಈಗ ತಮ್ಮದೇ ಮಷೀನು ಬೇಕು. ಅದೂ ದೊಡ್ಡದು. ದುಡ್ಡೂ ಆಕೆಯೇ ಕೂಡಿಸಿದ್ದು. ಹಾವೇರಿಯ ಅಂಗಡಿಯವನು, “ಸೋಮವಾರದೊಳಗ ಹೇಳ್ರಿ ಅಕ್ಕಾರ. ಆಮ್ಯಾಲೆ ಬ್ಯಾರೆ ಗಿರಾಕಿಗೆ ಕೊಡ್ತೀನಿ” ಅಂದಿದ್ದ.

“ರೀ, ನೀವು ಹೂಂ ಅನ್ರಿ, ಸಾಕು. ನನಗ ಮತ್ತೇನೂ ಬ್ಯಾಡ,” ಅಂದರು ಅತ್ತೆ.

“ಒಂದ ಸಲ ಆಡಿ ನೋಡೂಣು,” ಅಂದರು ಮಾವ.

ಭಾನುವಾರ ಬೆಳಿಗ್ಗೆ ಪಡಸಾಲೆಯಲ್ಲಿ ಆಟ ಶುರುವಾಯಿತು. ಅತ್ತೆ ಕಂಪನಿಯ ಮಾಲಕಿ. ಉಳಿದ ಜಗತ್ತೆಲ್ಲ ನಾನು. ಆಕೆ ಏನು ಚೌಕಾಸಿ ಮಾಡಿದರು ಗೊತ್ತೇ? ಬ್ಯಾಂಕ್ ಮ್ಯಾನೇಜರನಾಗಿ ನಾನು ಕೈ ಮುಗಿದು ಬಡ್ಡಿ ಇಳಿಸಿದೆ! ಏಳು ವರ್ಷ ಲಾಭವೋ ಲಾಭ. ಎಂಟನೇ ವರ್ಷದ ಗಂಟೆ ಬಾರಿಸುತ್ತಲೇ ಕಂಪನಿ ಧಡಕ್ಕನೆ ಕುಸಿಯಿತು. ಮತ್ತೆ ಆಡಿದೆವು. ಮತ್ತೆ ಎಂಟಕ್ಕೇ ಕುಸಿಯಿತು. ಮೂರನೇ ಸಲವೂ ಅಷ್ಟೇ.

“ಎಂಟಕ್ಕ ಏನು ಶನಿ ಹೊಕ್ಕೈತ್ರಿ ನಿಮ್ಮ ಲೆಕ್ಕದಾಗ? ಮಷೀನು ಬ್ಯಾಡಂತ ಬಾಯಿ ಬಿಟ್ಟ ಹೇಳ್ರಲ್ಲ!” ಎಂದು ಅತ್ತೆ ಸೆರಗು ಸಿಕ್ಕಿಸಿ ಒಳಗೆ ಹೋದರು. ರೊಟ್ಟಿ ಬಡಿಯುವ ಸದ್ದಿನಲ್ಲೇ ಎಷ್ಟು ಸಿಟ್ಟು ಅಂತ ತಿಳಿಯುತ್ತಿತ್ತು.

ಮಾವ ಸ್ನಾನಕ್ಕೆ ಹೋದದ್ದೇ ತಡ, ನಾನು ಅವರ ಲೆಕ್ಕದ ನೋಟ್‌ಬುಕ್ಕಿಗೆ ಕೈ ಹಾಕಿದೆ. ಮೋಸ ಎಲ್ಲಿದೆ ನೋಡೋಣ ಅಂತ. ಸಿಕ್ಕಿಯೇಬಿಟ್ಟಿತು! ‘ಚೀಲ ಎತ್ತುವುದು, ಬೆಲ್ಟು ಏರಿಸುವುದು’ ಎಂಬ ಸಾಲಿನಲ್ಲಿ ಒಂದರಿಂದ ಏಳನೇ ವರ್ಷದವರೆಗೆ ‘ನಾನು’ ಎಂದು ಮಾವ ಬರೆದುಕೊಂಡಿದ್ದರು. ಎಂಟರಿಂದ ‘ನಾನು’ ಮಾಯ. ಇಬ್ಬರು ಆಳು, ಅವರ ಪಗಾರ, ಆಳು ಸಿಗದ ದಿನ ಗಿರಣಿ ಬಂದ್.

ಮಾವ ಟವೆಲ್ಲಿನಲ್ಲಿ ತಲೆ ಒರೆಸಿಕೊಳ್ಳುತ್ತ ಬಂದರು. ನಾನು ಸೊಂಟಕ್ಕೆ ಕೈ ಇಟ್ಟು ಥೇಟ್ ಅತ್ತೆಯ ದನಿ ತೆಗೆದೆ.

“ಯಾಕ್ರೀ, ಎಂಟನೇ ವರ್ಷಕ್ಕ ನನ್ನ ಬಿಟ್ಟ ಎಲ್ಲಿ ಹೊಂಟೀರಿ? ಬ್ಯಾರೆ ಕಂಪನಿ ಕಟ್ಟೀರೇನು?”

ಮಾವ ನಗಲಿಲ್ಲ.

“ಮೆತ್ತಗ ಮಾತಾಡೋ. ನಮ್ಮಪ್ಪ, ಅಂದ್ರ ನಿಮ್ಮಜ್ಜ, ಅರವತ್ತಕ್ಕ ಹ್ವಾದ. ನಿಮ್ಮ ದೊಡ್ಡ ಮಾವನೂ ಅರವತ್ತಕ್ಕ. ನನಗೀಗ ಐವತ್ಮೂರು. ಏಳು ವರ್ಷ ಜೋಡಿ ಇರ್ತೀನಂತ ಬರದೇನಿ. ಆ ದೊಡ್ಡ ಮಷೀನಿನ ಬೆಲ್ಟ ಏರ್ಸಾಕ ಇಬ್ರು ಬೇಕಲೇ. ಒಬ್ಬಾಕಿ ಏನ ಮಾಡ್ತಾಳ? ಆಕಿಗೆ ಹೇಳಬ್ಯಾಡ.”

ಹೇಳುವ ಅಗತ್ಯವಿರಲಿಲ್ಲ. ರೊಟ್ಟಿಯ ಸದ್ದು ನಿಂತದ್ದನ್ನು ನಾವಿಬ್ಬರೂ ಗಮನಿಸಿರಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತಿದ್ದರು.

ಬಂದು ನನ್ನ ಕೈಯಿಂದ ನೋಟ್‌ಬುಕ್ ಕಿತ್ತುಕೊಂಡರು. ನೆಲದ ಮೇಲೆ ಕುಳಿತು, ಎಂಟನೇ ವರ್ಷದ ಮುಂದೆ ‘ಅವರು’ ಎಂದು ಬರೆದರು. ಒಂಬತ್ತಕ್ಕೆ ‘ಅವರು’. ಹತ್ತಕ್ಕೆ ‘ಅವರು’. ಕೋಷ್ಟಕದ ಮನೆಗಳು ಮುಗಿದವು, ಸ್ಕೇಲು ಹುಡುಕದೆ ಕೈಯಿಂದಲೇ ಗೆರೆ ಎಳೆದು ಇಪ್ಪತ್ತೈದರವರೆಗೂ ಬರೆದರು. ಹಾಳೆಯ ತುಂಬ ಜೋಳದ ಹಿಟ್ಟು.

“ಚೀಲ ಎತ್ತೂದು ಬ್ಯಾಡ. ಕುಂತ ತೂಕ ಮಾಡ್ರಿ, ಸಾಕು,” ಅಂದರು.

ಮಾವ ಬಗ್ಗಿ ಹಾಳೆ ನೋಡಿದರು. ಮೇಷ್ಟ್ರಲ್ಲವೇ, ಬಾಯಿ ತಡೆಯಲಿಲ್ಲ. “ಇದಕ್ಕ ಆಧಾರ ಏನು?”

“ನಾ ಹೇಳೀನಿ.”

ಇನ್ನೂರು ಕಂಪನಿಗಳ ಲೆಕ್ಕದಲ್ಲಿ ಆಧಾರವಿಲ್ಲದ ಒಂದು ಅಂಕಿಯನ್ನೂ ಒಪ್ಪದ ಮನುಷ್ಯ, ಮೈಮೇಲೆ ಟವೆಲ್ಲು ಹೊದ್ದುಕೊಂಡೇ ಹಾವೇರಿಯ ಮಷೀನಿನ ಅಂಗಡಿಗೆ ಫೋನು ಹಚ್ಚಿದರು.