ಮಾವನ ಮಿಂಚಿಗೊಂದು ಮುಸುಕು

ನನ್ನ ಸೋದರಮಾವನ ತಲೆ ಕೆಡಿಸಿದವರು ನಮ್ಮ ಯಾತ್ರಿಕರ ಛತ್ರದ ಆಡಳಿತ ಸಮಿತಿಯವರು. ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿದವಳಾಗಿ, ಆರೋಪಕ್ಕೂ ಬೈಗುಳಕ್ಕೂ ಇರುವ ವ್ಯತ್ಯಾಸವನ್ನು ಬಲ್ಲವಳಾಗಿ ಈ ಮಾತು ಹೇಳುತ್ತಿದ್ದೇನೆ. ಆ ತಲೆ ಮೊದಲೇ ಸ್ವಲ್ಪ ಸಡಿಲವಾಗಿತ್ತೆಂದು ಸಮಿತಿಯವರು ವಾದಿಸಬಹುದು. ಒಪ್ಪಿದೆ. ಇಳಿವಯಸ್ಸಿನ ರಿಕ್ಷಾವಾಲನನ್ನು ಹಿಂದೆ ಕೂರಿಸಿ, ಕಾಶಿಯ ಲಂಕಾ ಬಡಾವಣೆಯಿಂದ ಹನುಮಾನ್ ಘಾಟಿನವರೆಗೆ ತಾವೇ ತುಳಿದುಕೊಂಡು ಬಂದು, ಇಳಿಯುವಾಗ ಅವನಿಗೇ ಬಾಡಿಗೆ ಕೊಟ್ಟವರು ನಮ್ಮ ಮಾವ. ಆದರೆ ಸಡಿಲವಿದ್ದ ಮೊಳೆಯನ್ನು ಪೂರ್ತಿ ಕಿತ್ತವರು ಯಾರು? ಅದು ಪ್ರಶ್ನೆ.

ಮಾವ ವೃತ್ತಿಯಿಂದ ಪುರೋಹಿತರು. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಪಿತೃಕಾರ್ಯ ಮಾಡಿಸುವುದು ನಮ್ಮ ಅಜ್ಜನ ಮನೆಯಲ್ಲಿ ನಾಲ್ಕು ತಲೆಮಾರಿನಿಂದ ಬಂದ ಕೆಲಸ. ಬಂದವರ ಹೆಸರು, ಊರು, ಜೊತೆಗಿದ್ದವರು ಯಾರೆಂಬುದನ್ನು ಉದ್ದನೆಯ ಕಟ್ಟುಗಳಲ್ಲಿ ಬರೆದು, ಕೆಳಗೆ ಅವರ ರುಜು ಹಾಕಿಸುವುದು ರೂಢಿ. ಐವತ್ತು ವರ್ಷ ಕಳೆದು ಮೊಮ್ಮಗ ಬಂದರೆ, "ನೋಡಪ್ಪ, ಇದು ನಿಮ್ಮ ತಾತನ ಕೈ" ಎಂದು ತೆಗೆದು ತೋರಿಸಬಹುದು. ಮೀಸೆ ಹೊತ್ತ ಗಂಡಸರು ಆ ಪುಟದ ಮುಂದೆ ಕೂತು ಅತ್ತದ್ದನ್ನು ನಾನು ಕಂಡಿದ್ದೇನೆ.

ಒಂದು ವರ್ಷ ಗಂಗೆ ಉಕ್ಕಿ ನಮ್ಮ ನಡುಮನೆಗೇ ಬಂದಾಗ, ಅಜ್ಜ ಆ ಕಟ್ಟುಗಳನ್ನು ಛತ್ರದ ಮಾಳಿಗೆಯ ಕಪಾಟಿಗೆ ಸಾಗಿಸಿದರು. ನೀರು ಇಳಿಯಿತು. ಕಟ್ಟುಗಳು ಇಳಿಯಲಿಲ್ಲ. "ಇವು ಸಮುದಾಯದ ಸ್ವತ್ತು" ಎಂದು ಸಮಿತಿ ಬೀಗ ಜಡಿಯಿತು. ಬೀಗದ ಕೈ ಕಾರ್ಯದರ್ಶಿಗಳ ಸೊಂಟ ಸೇರಿತು. ಯಾತ್ರಿಕರು ಯಾರಾದರೂ ತಮ್ಮ ಹಿರಿಯರ ಹೆಸರು ನೋಡಬೇಕೆಂದರೆ ಮಾತ್ರ ಕಪಾಟು ತೆರೆಯುತ್ತದೆ, ಅದೂ ಹತ್ತೇ ನಿಮಿಷ. ಉಳಿದಂತೆ ಆ ಕತ್ತಲಲ್ಲಿ ಬೆಳ್ಳಿ ಬಣ್ಣದ ಹುಳುಗಳು ನಾಲ್ಕು ತಲೆಮಾರನ್ನು ನೆಮ್ಮದಿಯಾಗಿ ಊಟ ಮಾಡುತ್ತಿವೆ.

ಮಾವ ಮೂರು ಅರ್ಜಿ ಬರೆದರು. ಮೂರಕ್ಕೂ ಒಂದೇ ಉತ್ತರ: ಹುಳುವಿನ ಇರುವಿಕೆಗೆ ಪುರಾವೆ ಒದಗಿಸಿದಲ್ಲಿ ಪರಿಶೀಲಿಸಲಾಗುವುದು.

ಇಂಥ ವಾಕ್ಯವನ್ನು ನಮ್ಮ ಮಾವನಂಥವರಿಗೆ ಬರೆಯಬಾರದಿತ್ತು.

ನಮ್ಮ ಗಲ್ಲಿಗೆ ಎಸ್‌ಟಿಡಿ ಬೂತ್ ಬಂದ ವರ್ಷ ಅದು. ದಾವಣಗೆರೆಯ ಯಾತ್ರಿಕರೊಬ್ಬರು ತಮ್ಮ ಹಳೆಯ ಕ್ಯಾಮೆರಾವನ್ನೂ ಅದರ ಫ್ಲಾಶನ್ನೂ ಮಾವನಿಗೆ ದಾನವಾಗಿ ಕೊಟ್ಟು ಹೋಗಿದ್ದರು. ಮಾವ ಲೆನ್ಸಿನ ಮುಂದೆ ಭೂತಗನ್ನಡಿಯೊಂದನ್ನು ಕಟ್ಟಿ, ಮುಂದಿನ ಹತ್ತು ನಿಮಿಷ ಸಿಕ್ಕಿದ ಕೂಡಲೇ ಹುಳುವಿನ ಮೂಗಿನ ತುದಿಗೇ ಕ್ಯಾಮೆರಾ ಒಡ್ಡಿ ಒಂದು ರೀಲು ಮುಗಿಸಿದರು. ಲಂಕಾದ ಸ್ಟುಡಿಯೋದವನು ಚಿತ್ರಗಳನ್ನು ಕೈಗಿಡುತ್ತ, "ಕಾ ಗುರು, ಜುಗನೂ ಪಕಡೇ ಹೋ ಕಾ?" ಎಂದು ಕೇಳಿದ. ಮಿಂಚುಹುಳ ಹಿಡಿದಿರಾ ಎಂದು ಅವನ ಪ್ರಶ್ನೆ. ತಪ್ಪೇನೂ ಅಲ್ಲ. ಹುಳುವಿನ ಮೈಯೇ ಹೊಳಪು, ಫ್ಲಾಶ್ ಅದಕ್ಕಿಂತ ಹೊಳಪು. ಮೂವತ್ತಾರು ಚಿತ್ರಗಳಲ್ಲಿಯೂ ಕಂಡದ್ದು ಬಿಳಿಯ ಚುಕ್ಕೆ.

"ದೀಪ ಚಿಕ್ಕದಾದರೆ ನೆರಳು ಕತ್ತಿ ಹಾಗಿರ್ತದೆ ಕಣೇ, ಹೊಳಪು ಸೂಜಿ ಹಾಗೆ ಚುಚ್ಚತ್ತೆ" ಎಂದು ಮಾವ ನನಗೆ ಪಾಠ ಹೇಳಿದರು. "ಅದರ ಮುಂದೆ ಅಗಲವಾಗಿ ಬಿಳೀದೇನಾದ್ರೂ ಕಟ್ಟಿದ್ರೆ ಬೆಳಕು ಹರಡಿಕೊಂಡು ಮೆತ್ತಗಾಗತ್ತೆ. ಮಿಂಚಿಗೊಂದು ಮುಸುಕು, ಅಷ್ಟೆ."

ಅಷ್ಟೆ! ಆ ದಿನದಿಂದ ನಮ್ಮ ಮನೆಯಲ್ಲಿ ಬಿಳಿಯ ವಸ್ತುಗಳಿಗೆ ರಕ್ಷಣೆ ಇಲ್ಲವಾಯಿತು. ಅಪ್ಪನಿಗೆ ಗೋರಖಪುರಕ್ಕೆ ವರ್ಗವಾಗಿದ್ದರಿಂದ ಅಜ್ಜನ ಮನೆಯಲ್ಲಿದ್ದವರು ಅಮ್ಮ, ಅವಳ ಈ ತಮ್ಮ ಮತ್ತು ನಾನು. ಮೊದಲು ಹೋದದ್ದು ಅಮ್ಮನ ಹಾಲು ಸೋಸುವ ಬಟ್ಟೆ. ಅದಕ್ಕೆ ಎಂದೋ ಅರಿಶಿನ ತಾಗಿತ್ತು. ಹುಳುಗಳೆಲ್ಲ ಮದುಮಗಳ ಮೈಬಣ್ಣದಲ್ಲಿ ಮೂಡಿಬಂದವು.

ಎರಡನೆಯ ಮುಸುಕು ಮಿಠಾಯಿ ಅಂಗಡಿಯ ಬೆಣ್ಣೆ ಕಾಗದ. ಬೆಳಕೇನೋ ಮೆತ್ತಗಾಯಿತು. ಆದರೆ ಕಾಗದದಲ್ಲಿ ಉಳಿದಿದ್ದ ಪೇಡೆಯ ಜಿಡ್ಡಿಗೆ ಇರುವೆಗಳು ಸಾಲುಗಟ್ಟಿ ಬಂದು ಫ್ಲಾಶಿನಿಂದ ಇಳಿದು ನೇರ ಪುಟದ ಮೇಲೆ ನಡೆದವು. ಕಾರ್ಯದರ್ಶಿಗಳು ಚಿತ್ರಗಳನ್ನು ಕನ್ನಡಕ ಏರಿಸಿ ನೋಡಿದರು.

"ಭಟ್ಟರೇ, ಇದು ಇರುವೆ."

"ಹಿಂದೆ ನೋಡಿ, ಹುಳ ಇದೆ."

"ಇರುವೆ ಪುಸ್ತಕ ತಿನ್ನಲ್ಲ ಭಟ್ಟರೇ. ಇದು ಪುರಾವೆ ಆಗಲ್ಲ."

ಮೂರನೆಯ ಪ್ರಯೋಗಕ್ಕೆ ಮಾವ ಆರಿಸಿಕೊಂಡದ್ದು ಯಾತ್ರಿಕರು ಗಂಗಾಜಲ ತುಂಬಿಸಿಕೊಳ್ಳುವ ಬಿಳಿ ಪ್ಲಾಸ್ಟಿಕ್ ಡಬ್ಬಿಯನ್ನು. ಘಾಟಿನ ಮೆಟ್ಟಿಲುಗಳ ಮೇಲೆ ಅವು ರಾಶಿ ರಾಶಿ ಸಿಗುತ್ತವೆ. ಹಾಲಿನಂಥ ಮೈ, ಬೆಳಕು ಹಾಯುವಷ್ಟೇ ತೆಳುವು. ಆದರೆ ಮಾವ ಕೈ ಹಾಕಿದ್ದು ದೇವರ ಕೋಣೆಯಲ್ಲಿ ತುಂಬಿಟ್ಟಿದ್ದ ಡಬ್ಬಿಗೆ.

"ಗಂಗೆ ತುಂಬಿದ ಡಬ್ಬಿಗೆ ಕತ್ತರಿ ಹಾಕ್ತೀಯೇನೋ?" ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಗಂಗೇನ ಬಿಂದಿಗೆಗೆ ಹಾಕಿದೀನಲ್ಲ ಅಕ್ಕ."

"ಎಲ್ಲಿ ಬಿಂದಿಗೆ?"

"ಆ ಬಿಂದಿಗೆ ನೀರಲ್ಲೇ ಈಗ ನೀನು ಬೇಳೆ ಬೇಯಿಸಿದ್ದು."

ಅಂದಿನ ಸಾರನ್ನು ಅಮ್ಮ ಕಣ್ಣಿಗೊತ್ತಿಕೊಂಡು ಬಡಿಸಿದಳು. ಬೇರೆ ದಾರಿ ಏನಿತ್ತು?

ಡಬ್ಬಿಯ ತಳವನ್ನೂ ಒಂದು ಪಕ್ಕವನ್ನೂ ಕತ್ತರಿಸಿ, ಫ್ಲಾಶಿಗೆ ದಾರದಿಂದ ಬಿಗಿದು, ಲೆನ್ಸಿನ ಮೇಲೆ ಚಾವಣಿಯಂತೆ ಬಾಗಿಸಿದ್ದಾಯಿತು. ಪರೀಕ್ಷೆ ಮಾಡಬೇಕಲ್ಲ? ಮರುದಿನ ಘಾಟಿನಲ್ಲಿ ಹಾವೇರಿ ಕಡೆಯ ಯಾತ್ರಿಕರೊಬ್ಬರು ದರ್ಭೆಯ ಉಂಗುರ ತೊಟ್ಟು, ಅಂಗೈಯಲ್ಲಿ ಎಳ್ಳು ಹಿಡಿದು ಕೂತಿದ್ದರು. ಎಳ್ಳಿನ ಕಾಳಿಗಿಂತ ಚಿಕ್ಕದೂ ಹೊಳಪೂ ಆದ ವಸ್ತು ಮಾವನಿಗೆ ಬೇರೆ ಎಲ್ಲಿ ಸಿಕ್ಕೀತು? ಮಂತ್ರ ಮುಗಿಯಿತು. "ಕೈ ಅಲ್ಲಾಡಿಸಬೇಡಿ" ಎಂದು ಅಂಗೈ ಮೇಲೆ ಡಬ್ಬಿ ಹಿಡಿದು ಒಂದು ಸಲ ಮಿಂಚಿಸಿದರು. ಯಾತ್ರಿಕರು ಭಕ್ತಿಯಿಂದ ಕಣ್ಣು ಮುಚ್ಚಿ ತಲೆ ಬಾಗಿಸಿದರು.

ಹದಿನೈದು ದಿನಕ್ಕೆ ಅವರ ಭಾವಮೈದ ಸಂಸಾರಸಮೇತ ಬಂದ. ಎಲ್ಲವನ್ನೂ ಶಾಸ್ತ್ರೋಕ್ತವಾಗಿ ಮಾಡಿಸಿಕೊಂಡು, ಏಳಲೊಲ್ಲದೆ ಕೂತ.

"ಮುಗೀತ್ರೀ, ಏಳಿ" ಎಂದರು ಮಾವ.

"ಎಲ್ಲಿ ಮುಗೀತ್ರೀ? ನಮ್ಮ ಭಾವಗ ಡಬ್ಬಿ ತಗೊಂಡು ಬೆಳಕ ಬಿಟ್ಟೀರಂತ. ನಮ್ಮಪ್ಪಗ್ಯಾಕ ಅದು ಇಲ್ಲ?"

ಮಾವ ಸುಳ್ಳು ಹೇಳುವವರಲ್ಲ. ಅದು ವಿಧಿಯಲ್ಲ, ಹುಳುವಿನ ಫೋಟೋಕ್ಕೆ ಮಾಡಿದ ಪರೀಕ್ಷೆ ಎಂದು ವಿವರವಾಗಿ ತಿಳಿಸಿದರು. ಅವನು ಎಲ್ಲವನ್ನೂ ಕೇಳಿ, "ಆತ್ರೀ, ಆದರೂ ಒಮ್ಮೆ ಬಿಟ್ಟ ಬಿಡ್ರಿ" ಎಂದ. ಮಾವ ಬಿಟ್ಟರು. ಅಪ್ಪನನ್ನು ಕಳೆದುಕೊಂಡವನೊಡನೆ ಎಷ್ಟೆಂದು ವಾದಿಸುವುದು?

ಅದೇ ಮನುಷ್ಯ ಅಂದು ಸಂಜೆ ತನ್ನ ಮುತ್ತಜ್ಜನ ರುಜು ನೋಡಬೇಕೆಂದು ಹಟ ಹಿಡಿದ. ಕಪಾಟು ತೆರೆಯಿತು. ನಾನು ಡಬ್ಬಿ ಸರಿಯಾಗಿ ಹಿಡಿಯಲೆಂದು ಮಾವನ ಜೊತೆ ಹೋಗಿದ್ದೆ. ಕಾರ್ಯದರ್ಶಿಗಳು ಗಡಿಯಾರ ನೋಡುತ್ತ ಕೂತರು. ಮಾವ ಹೊಸ ರೀಲು ಹಾಕಿ ಹುಳುಗಳ ಚಿತ್ರಗಳನ್ನು ಒಂದೊಂದಾಗಿ ತೆಗೆದರು: ತಿನ್ನುತ್ತಿರುವ ಹುಳು, ತಿಂದು ಮುಗಿಸಿದ ಹುಳು, ಊರೊಂದರ ಹೆಸರನ್ನು ಅರ್ಧ ಮುಗಿಸಿ ವಿಶ್ರಮಿಸುತ್ತಿದ್ದ ಹುಳು. ಇನ್ನು ಎರಡು ನಿಮಿಷವಿದ್ದಾಗ ಬೇರೊಂದು ಕಟ್ಟನ್ನು ಎಳೆದು, ಹುಡುಕದೆಯೇ ಒಂದು ಪುಟ ಬಿಚ್ಚಿದರು. ಅಲ್ಲಿ ನನಗೆ ಹುಳು ಕಾಣಲಿಲ್ಲ.

"ಮಾವ, ಇಲ್ಲಿ ಹುಳ ಇಲ್ಲವಲ್ಲ."

"ಡಬ್ಬಿ ಅಲ್ಲಾಡಿಸಬೇಡ ಪುಟ್ಟಿ" ಎಂದರು. ಉಳಿದ ಐದು ಚಿತ್ರಗಳನ್ನೂ ಆ ಒಂದೇ ಪುಟಕ್ಕೆ ಮುಗಿಸಿದರು.

ಈಗ ನಮ್ಮ ನಡುಮನೆಯ ಗೋಡೆಯ ವಿಷಯ ಹೇಳಬೇಕು. ಅಲ್ಲಿ ಹಾರ ಹಾಕಿದ ಅಜ್ಜನ ಫೋಟೋ ಇದೆ. ಪಕ್ಕದಲ್ಲಿ ಬರಿಯ ಮೊಳೆ. ಅಜ್ಜಿ ಕ್ಯಾಮೆರಾದ ಮುಂದೆ ಎಂದೂ ಕೂರಲಿಲ್ಲ. ನಾನು ಹುಟ್ಟುವ ಮೊದಲೇ ಹೋದಳು. ಮಾವ ದಿನವೂ ಅಜ್ಜನಿಗೊಂದು, ಮೊಳೆಗೊಂದು ಹೂ ಇಡುತ್ತಾರೆ. "ಮೊಳೆಗೆ ಹೂ ಇಡೋನು ಕಾಶೀಲಿ ನೀನೊಬ್ಬನೇ ಕಣೋ" ಎಂದು ಅಮ್ಮ ಗೇಲಿ ಮಾಡುತ್ತಿದ್ದಳು. ನಾನೂ ನಗುತ್ತಿದ್ದೆ.

ಚಿತ್ರಗಳು ಬಂದವು. ಹುಳುಗಳು ಮೀಸೆಯ ಕೂದಲಿನವರೆಗೆ ಸ್ಪಷ್ಟವಾಗಿದ್ದವು. ಸ್ಟುಡಿಯೋದವನು ಮೊದಲ ಬಾರಿಗೆ ತಮಾಷೆ ಮಾಡಲಿಲ್ಲ. ಕೊನೆಯ ಐದರಲ್ಲಿ ಒಂದನ್ನು ಮಾವ ದೊಡ್ಡದಾಗಿ ಮಾಡಿಸಿ, ಚೌಕಟ್ಟು ಹಾಕಿಸಿ ತಂದು ಮೊಳೆಗೆ ತೂಗುಹಾಕಿದರು.

ಅದು ಒಂದು ಹೆಬ್ಬೆಟ್ಟಿನ ಗುರುತು. ಒಣಗಿದ ದಪ್ಪ ಮಸಿಯ ಮೇಲೆ ಬೆಳಕು ಬೆಣ್ಣೆಯಂತೆ ಹರಡಿ, ಗೆರೆ ಗೆರೆಯೂ ಎಣಿಸುವಂತಿತ್ತು. ಗುರುತಿನ ಮೇಲ್ಗಡೆ ನಮ್ಮ ಮುತ್ತಜ್ಜನ ಬರಹ: ತಂದೆಯೊಡನೆ ಬಂದ ಮಗಳು, ವಯಸ್ಸು ಹನ್ನೊಂದು. ಆ ಯಾತ್ರೆಯಲ್ಲಿ ಹೆಸರು ಬರೆದುಕೊಂಡ ಮುತ್ತಜ್ಜನೇ ಮುಂದೆ ಅವಳನ್ನು, ಅಂದರೆ ನನ್ನ ಅಜ್ಜಿಯನ್ನು, ಸೊಸೆಯಾಗಿ ತಂದದ್ದು.

ಅಮ್ಮ ಒಗ್ಗರಣೆಯ ಸೌಟು ಹಿಡಿದೇ ಬಂದು ನಿಂತಳು. ಗುರುತಿನ ನಡುವೆ ಓರೆಯಾಗಿ ಒಂದು ಬಿಳಿಯ ಗೀಟಿತ್ತು. ಅಮ್ಮ ಅದರ ಹತ್ತಿರ ಬೆರಳು ಒಯ್ದು, ಗಾಜನ್ನು ಮುಟ್ಟದೆ ಹಿಂದಕ್ಕೆಳೆದುಕೊಂಡಳು.

"ಈಳಿಗೆಮಣೆ ತಾಗಿದ ಗಾಯ. ಮುಖ ತೊಳೆಸುವಾಗ ಈ ಗೀಟು ನನ್ನ ಕೆನ್ನೆಗೆ ತರಿತರಿ ಅಂತಿತ್ತು ಕಣೋ."

"ನಂಗೂ" ಎಂದರು ಮಾವ.

ಮಾನ್ಯ ಆಡಳಿತ ಸಮಿತಿಯವರೇ, ನೀವು ಕೇಳಿದ ಪುರಾವೆಯನ್ನು, ಅಂದರೆ ಹುಳುವಿನ ಮೂವತ್ತೊಂದು ಚಿತ್ರಗಳನ್ನು, ಈ ಲೇಖನದ ಪ್ರತಿಯೊಡನೆ ತಮ್ಮ ಕಚೇರಿಗೆ ತಲುಪಿಸಲಾಗಿದೆ. ಕಟ್ಟುಗಳನ್ನು ಬೆಳಕು ಗಾಳಿಯಿರುವ ಕೋಣೆಗೆ ಎಂದು ಸಾಗಿಸುವಿರಿ, ಅವುಗಳ ಆರೈಕೆಗೆ ನಮ್ಮ ಮಾವನನ್ನು ಎಂದು ಒಳಗೆ ಬಿಡುವಿರಿ ಎಂಬುದಕ್ಕೆ ಲಿಖಿತ ಉತ್ತರ ಬೇಕು. ಮೂವತ್ತೆರಡನೆಯ ಚಿತ್ರವನ್ನು ಕೊಟ್ಟಿಲ್ಲ. ಅದು ನಮ್ಮ ಗೋಡೆಯ ಮೇಲಿದೆ, ಬಂದು ನೋಡಬಹುದು. ಅದರ ಎಡ ಅಂಚಿನಲ್ಲಿ ಎರಡು ಗೆರೆಗಳನ್ನು ಈಗಾಗಲೇ ತಿಂದಾಗಿದೆ. ಉಳಿದ ಗೆರೆಗಳು ಇರುವಾಗಲೇ ದಯವಿಟ್ಟು ಕಪಾಟು ತೆರೆಯಬೇಕೆಂದು ವಿನಂತಿ.